ಸಾಹೇಬರು ನಿವೃತ್ತರಾಗುವ ಮೊದಲೇ ಮುಂದಿನವರನ್ನು ತಯಾರು ಮಾಡುವುದು ಹೇಗೆ?

ಸರ್ಕಾರಿ ಇಲಾಖೆಯಲ್ಲಿ ಯಾರು ಯಾವಾಗ ನಿವೃತ್ತರಾಗುತ್ತಾರೆ ಅನ್ನುವುದು ವರ್ಷಗಳ ಮೊದಲೇ ಗೊತ್ತಿರುತ್ತದೆ, ಅಲ್ವಾ? ಆದರೂ ಬೀಳ್ಕೊಡುಗೆಯ ದಿನವೇ ‘ಪ್ರಭಾರ ಯಾರಿಗೆ?’ ಅಂತ ಓಡಾಟ ಶುರುವಾಗುತ್ತದೆ. ಎರಡು ವರ್ಷ ಮೊದಲೇ ಕೆಲಸ ಶುರು ಮಾಡಿ.

ಮುಂದಿನ ಐದು ವರ್ಷದಲ್ಲಿ ತೆರವಾಗುವ ಹುದ್ದೆಗಳನ್ನು ಬರೆದುಕೊಳ್ಳಿ. ವಾರ ಖಾಲಿ ಬಿದ್ದರೂ ಕೆಲಸ ನಿಲ್ಲುವಂಥವಕ್ಕೆ ಗುರುತು ಹಾಕಿ. ಇದು ಒಂದು ಮಧ್ಯಾಹ್ನದ ಕೆಲಸ.

ಆಮೇಲೆ ಪ್ರತಿ ಹುದ್ದೆಗೆ ಮೂರ್ನಾಲ್ಕು ಜನರನ್ನು ಆರಿಸಿ. ಒಬ್ಬರನ್ನೇ ನೆಚ್ಚಬೇಡಿ. ಅವರು ವರ್ಗವಾದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಆರಿಸಿದ್ದು ಯಾಕೆ ಅನ್ನುವುದು ಎಲ್ಲರಿಗೂ ಗೊತ್ತಿರಲಿ, ಇಲ್ಲದಿದ್ದರೆ ಕಚೇರಿಯಲ್ಲಿ ಗುಂಪುಗಾರಿಕೆ ಹುಟ್ಟುತ್ತದೆ.

ಜಾಸ್ತಿ ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಮೂರು ದಿನದ ತರಬೇತಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಪ್ರಮಾಣಪತ್ರ ಸಿಗುತ್ತದೆ, ತೀರ್ಮಾನ ತೆಗೆದುಕೊಳ್ಳುವ ಧೈರ್ಯ ಬರುವುದಿಲ್ಲ. ಮುಖ್ಯಸ್ಥರು ರಜೆ ಹಾಕಿದಾಗ ಇವರಿಗೆ ಪೂರ್ತಿ ಪ್ರಭಾರ ಕೊಡಿ. ಲಿಖಿತ ಆದೇಶ ಬೇಕು, ಸಹಿ ಮಾಡುವ ಅಧಿಕಾರವೂ ಬೇಕು. ಸುಮ್ನೆ ‘ನೋಡಿಕೊಳ್ಳಿ’ ಅಂದರೆ ಕಡತಗಳು ಸಾಹೇಬರು ಬರುವ ತನಕ ಮೇಜಿನ ಮೇಲೇ ಇರುತ್ತವೆ. ಬಜೆಟ್ ಸಭೆಗೆ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಬೇಡಿ. ಲೆಕ್ಕ ಅವರೇ ಮಂಡಿಸಲಿ, ಪ್ರಶ್ನೆಗೂ ಅವರೇ ಉತ್ತರ ಕೊಡಲಿ. ಕಡತದಲ್ಲಿ ಅವರು ಬರೆದ ಟಿಪ್ಪಣಿ ತಪ್ಪಾಗಿದ್ದರೆ ನೀವೇ ತಿದ್ದಿ ಸಹಿ ಹಾಕಿಬಿಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿ ನಿಯಮ ಅಡ್ಡ ಬರುತ್ತದೆ, ಹಣಕಾಸು ವಿಭಾಗದ ಒಪ್ಪಿಗೆ ಯಾಕೆ ಬೇಕು ಅಂತ ತೋರಿಸಿ, ಅವರಿಂದಲೇ ಮತ್ತೆ ಬರೆಸಿ. ತಡವಾಗುತ್ತದೆ, ಆಗಲಿ.

ಹೆಚ್ಚುವರಿ ಪ್ರಭಾರವನ್ನೇ ವರ್ಷಗಟ್ಟಲೆ ಎಳೆಯುವ ಅಡ್ಡದಾರಿ ಬೇಡವೇ ಬೇಡ. ಅಮೆರಿಕದ 1998ರ ಕಾನೂನು, ಅಲ್ಲಿನ ಮೇಲ್ಮನೆ ಸೆನೆಟ್‌ನ ಒಪ್ಪಿಗೆ ಬೇಕಾದ ಹುದ್ದೆಗಳಲ್ಲಿ ಹಂಗಾಮಿಯಾಗಿ ಇರುವವರಿಗೆ ಸಾಮಾನ್ಯವಾಗಿ 210 ದಿನದ ಗಡುವು ಹಾಕಿದೆ. ಅಂಥ ಗಡುವು ಪ್ರತಿ ಇಲಾಖೆಗೂ ಬೇಕು. ಸಿಬ್ಬಂದಿಯ ಸಾಮರ್ಥ್ಯ ಅಳೆದು ಬಣ್ಣಬಣ್ಣದ ಚೌಕಗಳಲ್ಲಿ ಕೂರಿಸುವ ಸಾಫ್ಟ್‌ವೇರ್‌ಗೂ ದುಡ್ಡು ಸುರಿಯಬೇಡಿ. ಒಂದು ಎಕ್ಸೆಲ್ ಹಾಳೆ ಸಾಕು.

ಇನ್ನು ಉಳಿದದ್ದು ಚಾರ್ಜ್ ವಹಿಸಿಕೊಡುವುದು. ಬೀರುವಿನ ಕೀಲಿಕೈ, ಕಡತಗಳ ಪಟ್ಟಿ ಕೊಟ್ಟರೆ ಮುಗಿಯಲಿಲ್ಲ. ಕೋರ್ಟ್ ಕೇಸುಗಳ ಮುಂದಿನ ತಾರೀಖು, ಉತ್ತರ ಕೊಡದೆ ಉಳಿದ ಆಡಿಟ್ ಆಕ್ಷೇಪಣೆ, ಬಾಯಿಮಾತಲ್ಲಿ ಕೊಟ್ಟ ಭರವಸೆ ಎಲ್ಲವನ್ನೂ ಬರೆಸಿ. ಹಳಬರು ಹೊಸಬರು ಕನಿಷ್ಠ ಎರಡು ವಾರ ಜೊತೆಗೆ ಕೆಲಸ ಮಾಡಲಿ. ನಿವೃತ್ತರಾದವರ ಡಿಜಿಟಲ್ ಸಹಿಯನ್ನು ಅದೇ ದಿನ ರದ್ದು ಮಾಡಿಸಿ.

ಆಮೇಲೂ ಹಳೆಯ ಸಾಹೇಬರಿಗೆ ದಿನಾ ಫೋನ್ ಹೋಗುತ್ತಿದ್ದರೆ, ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ಮುಂದಿನ ಸಲ ಚಾರ್ಜ್ ಕೊಡುವಾಗ ಬರೆಸುವ ಟಿಪ್ಪಣಿಗೆ ಮೊದಲು ಸೇರಬೇಕಾದದ್ದು ಅವೇ.