ಶಾಲಾ ಅವಧಿಯಲ್ಲಿ ಮೊಬೈಲ್ ಬಳಕೆಗೆ ಕಡಿವಾಣ: ನಿಯಮ ರೂಪಿಸುವುದು ಹೇಗೆ?

ತರಗತಿಯಲ್ಲಿ ಮೊಬೈಲ್ ಬಳಸಬಾರದು ಎಂಬ ಫಲಕ ಅನೇಕ ಶಾಲೆಗಳ ಗೋಡೆಯ ಮೇಲಿರುತ್ತದೆ. ಅದೇ ಫಲಕದ ಎದುರಿಗೆ, ಡೆಸ್ಕಿನ ಕೆಳಗೆ ಪರದೆಗಳು ಬೆಳಗುತ್ತಲೇ ಇರುತ್ತವೆ. ಇಂಥ ನಿಯಮಗಳು ಸೋಲುವುದಕ್ಕೆ ಮುಖ್ಯ ಕಾರಣವೆಂದರೆ, ಅವುಗಳನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆಯನ್ನೆಲ್ಲ ಪಾಠ ಮಾಡುತ್ತಿರುವ ಶಿಕ್ಷಕರ ಹೆಗಲಿಗೇ ಹೊರಿಸಿ ಆಡಳಿತ ಮಂಡಳಿ ಸುಮ್ಮನಾಗುವುದು. ಆ ಹೊಣೆಯನ್ನು ಇಡೀ ಶಾಲೆ ಹಂಚಿಕೊಳ್ಳಬೇಕಾದರೆ ಕೆಲವು ವಿಷಯಗಳನ್ನು ಮುಂಚಿತವಾಗಿಯೇ ತೀರ್ಮಾನಿಸಿಕೊಳ್ಳಬೇಕು.

ಇಷ್ಟು ಶ್ರಮ ಏಕೆ ಎಂದು ಕೇಳುವ ಪೋಷಕರಿಗೆ ಕೊಡಲು ಆಧಾರಗಳಿವೆ. ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ಅಂತರರಾಷ್ಟ್ರೀಯ ಸಮೀಕ್ಷೆಯಾದ ಪೀಸಾದಲ್ಲಿ 2022ರಲ್ಲಿ 15 ವರ್ಷದ ವಿದ್ಯಾರ್ಥಿಗಳ ಪೈಕಿ ಸುಮಾರು ಶೇ 65ರಷ್ಟು ಮಂದಿ, ಕೆಲವು ಗಣಿತ ತರಗತಿಗಳಲ್ಲಾದರೂ ಡಿಜಿಟಲ್ ಸಾಧನಗಳಿಂದ ತಮ್ಮ ಗಮನ ಬೇರೆಡೆ ಹೋಗುತ್ತದೆ ಎಂದು ಹೇಳಿದ್ದರು. ಒಮ್ಮೆ ಚದುರಿದ ಗಮನ ಮತ್ತೆ ಪಾಠದ ಮೇಲೆ ನೆಲೆಗೊಳ್ಳಲು 20 ನಿಮಿಷದವರೆಗೂ ಬೇಕಾಗಬಹುದೆಂದು ಯುನೆಸ್ಕೊದ 2023ರ ಶಿಕ್ಷಣ ವರದಿ ಎಚ್ಚರಿಸಿದೆ. ಇಂಗ್ಲೆಂಡಿನ ನಾಲ್ಕು ನಗರಗಳ 91 ಶಾಲೆಗಳನ್ನು ಪರಿಶೀಲಿಸಿದ 2015ರ ಅಧ್ಯಯನವೊಂದರ ಪ್ರಕಾರ, ಮೊಬೈಲ್ ನಿಷೇಧದಿಂದ ಅಂಕಗಳಲ್ಲಿ ಹೆಚ್ಚು ಸುಧಾರಣೆ ಕಂಡವರು ಕಲಿಕೆಯಲ್ಲಿ ಹಿಂದುಳಿದಿದ್ದ ವಿದ್ಯಾರ್ಥಿಗಳು; ಮೊದಲೇ ಮುಂದಿದ್ದವರಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಈ ಒಂದು ಕಾರಣಕ್ಕಾಗಿಯಾದರೂ ಶಾಲೆಗಳು ಈ ಕೆಲಸವನ್ನು ಅರೆಮನಸ್ಸಿನಿಂದ ಮಾಡಬಾರದು.

ವ್ಯಾಪ್ತಿ ಮೊದಲು ಸ್ಪಷ್ಟವಾಗಲಿ

ನಿರ್ಬಂಧ ಪಾಠದ ಅವಧಿಗೆ ಮಾತ್ರವೋ, ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೋ? 2018ರಲ್ಲಿ ಕಾನೂನು ತಂದ ಫ್ರಾನ್ಸ್, ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಆವರಣದಲ್ಲಿ ಇಡೀ ದಿನದ ಬಳಕೆಯನ್ನೇ ನಿಷೇಧಿಸಿತು. 2024ರಲ್ಲಿ ನ್ಯೂಜಿಲೆಂಡ್, 2025ರಲ್ಲಿ ಬ್ರೆಜಿಲ್ ಕೂಡ ಬಿಡುವಿನ ವೇಳೆಯನ್ನು ಸೇರಿಸಿಯೇ ನಿಯಮ ಮಾಡಿದವು. ಇದೇ ಸರಿಯಾದ ದಾರಿ. ಊಟದ ಬಿಡುವಿನಲ್ಲಿ ಓದಿದ ಒಂದು ಕಹಿ ಸಂದೇಶ ಮುಂದಿನ ಪಾಠದ ಉದ್ದಕ್ಕೂ ಮಗುವಿನ ತಲೆಯಲ್ಲಿ ಕೊರೆಯುತ್ತಿರುತ್ತದೆ. ಅಲ್ಲದೆ ಪ್ರತಿ ಬಿಡುವಿನ ನಂತರವೂ ಫೋನನ್ನು ಒಳಗಿಡಿಸುವ ಜಗಳ ಹೊಸದಾಗಿ ಶುರುವಾಗುತ್ತದೆ. ಸ್ಮಾರ್ಟ್‌ವಾಚ್, ಇಯರ್‌ಫೋನ್, ಟ್ಯಾಬ್ಲೆಟ್‌ಗಳಿಗೂ ನಿಯಮ ಅನ್ವಯಿಸುತ್ತದೆಯೇ ಎಂಬುದನ್ನು ಹೆಸರಿಸಿಯೇ ಬರೆಯಬೇಕು.

ಫೋನನ್ನು ಎಲ್ಲಿಡಬೇಕು?

ಯೋಜನೆಯ ಗೆಲುವು ಸೋಲು ಬಹುಮಟ್ಟಿಗೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಸ್ವಿಚ್ ಆಫ್ ಮಾಡಿ ಬ್ಯಾಗಿನಲ್ಲೇ ಇಟ್ಟುಕೊಳ್ಳಿ ಎನ್ನುವುದು ಖರ್ಚಿಲ್ಲದ ವಿಧಾನ, ಆದರೆ ಕೈಗೆಟಕುವಷ್ಟು ಹತ್ತಿರವಿರುವ ಫೋನಿನ ಸೆಳೆತವನ್ನು ದಿನವಿಡೀ ಮೀರುವ ಕೆಲಸವನ್ನು ಅದು ಮಗುವಿಗೇ ಬಿಟ್ಟುಬಿಡುತ್ತದೆ. ಅಯಸ್ಕಾಂತದ ಬೀಗವಿರುವ ಚೀಲಗಳಲ್ಲಿ ಫೋನ್ ಮಗುವಿನ ಬಳಿಯೇ ಇದ್ದರೂ ಶಾಲೆ ಬಿಡುವಾಗಷ್ಟೇ ಚೀಲ ತೆರೆಯಲು ಸಾಧ್ಯ. ಇದಕ್ಕೆ ಹಣ ಬೇಕು, ಚೀಲಗಳ ಉಸ್ತುವಾರಿಯೂ ಬೇಕು.

ಬೆಳಗಿನ ಹಾಜರಿಯ ಹೊತ್ತಿನಲ್ಲಿ ಫೋನ್ ಒಪ್ಪಿಸುವುದು ಹೆಚ್ಚಿನ ಶಾಲೆಗಳಿಗೆ ಹೊಂದುವ ವಿಧಾನ. ಪ್ರತಿ ತರಗತಿಗೂ ಹಾಜರಿ ಸಂಖ್ಯೆ ಬರೆದ ಖಾನೆಗಳಿರುವ ಒಂದು ಪೆಟ್ಟಿಗೆ ಇರಲಿ. ವಿದ್ಯಾರ್ಥಿ ಶಿಕ್ಷಕರ ಕಣ್ಣೆದುರಿಗೆ ಫೋನನ್ನು ಪೂರ್ತಿ ಆಫ್ ಮಾಡಿ ತನ್ನ ಖಾನೆಯಲ್ಲಿ ತಾನೇ ಇಡಬೇಕು. ಸೈಲೆಂಟ್ ಮಾಡಿದರೆ ಸಾಲದು, ಮರೆತ ಅಲಾರಾಂ ಒಂದು ಮೊಳಗಿದರೆ ಬೀಗ ಹಾಕಿದ ಪೆಟ್ಟಿಗೆಯನ್ನು ಮತ್ತೆ ತೆರೆಯಬೇಕಾಗುತ್ತದೆ. ಹಾಜರಿ ಮುಗಿದೊಡನೆ ಪೆಟ್ಟಿಗೆಗೆ ಬೀಗ ಹಾಕಿ, ಒಳಗಿರುವ ಫೋನುಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು, ಕಚೇರಿಯ ಕಪಾಟಿಗೆ ಸೇರಿಸಬೇಕು. ಸಂಜೆ ಎಲ್ಲ ತರಗತಿಗಳೂ ಒಟ್ಟಿಗೆ ಕಚೇರಿಗೆ ನುಗ್ಗದಂತೆ, ಪೆಟ್ಟಿಗೆಗಳು ಕೊನೆಯ ಪಾಠ ಮುಗಿಯುವ ಮುನ್ನವೇ ಆಯಾ ಕೊಠಡಿಗೆ ಮರಳಬೇಕು. ಫೋನ್ ಕಳೆದರೆ ಅಥವಾ ಒಡೆದರೆ ಹೊಣೆ ಯಾರದು ಎಂಬುದನ್ನು ಪೋಷಕರಿಗೆ ಲಿಖಿತವಾಗಿ ತಿಳಿಸದೆ ಮೊದಲ ದಿನದ ಸಂಗ್ರಹವನ್ನು ಆರಂಭಿಸಲೇಬಾರದು.

ವಿನಾಯಿತಿ ಮತ್ತು ಪೋಷಕರ ಆತಂಕ

ಮಧುಮೇಹವಿರುವ ಕೆಲವು ಮಕ್ಕಳ ದೇಹಕ್ಕೆ ಅಂಟಿಸಿರುವ ಸೆನ್ಸರ್ ರಕ್ತದ ಸಕ್ಕರೆ ಪ್ರಮಾಣವನ್ನು ಫೋನಿಗೇ ಕಳುಹಿಸುತ್ತದೆ. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಾಗ ಎಚ್ಚರಿಸುವುದೂ ಆ ಫೋನೇ. ಶ್ರವಣ ಸಾಧನವನ್ನು ಫೋನಿನ ಮೂಲಕ ಹೊಂದಿಸಿಕೊಳ್ಳುವ ಮಕ್ಕಳಿದ್ದಾರೆ. ಇಂಥವರ ಫೋನನ್ನು ಪೆಟ್ಟಿಗೆಗೆ ಹಾಕಿಸುವುದು ಅಪಾಯಕಾರಿ. ವಿನಾಯಿತಿ ಪಡೆದವರ ಪಟ್ಟಿ ತರಗತಿ ಶಿಕ್ಷಕರಲ್ಲದೆ ಕ್ರೀಡಾ ಶಿಕ್ಷಕರು ಮತ್ತು ಬದಲಿಗೆ ಬರುವ ಶಿಕ್ಷಕರ ಕೈಯಲ್ಲೂ ಇರಬೇಕು. ಕಾರಣವನ್ನು ಎಲ್ಲರೆದುರು ವಿವರಿಸುವ ಮುಜುಗರ ಆ ಮಗುವಿಗೆ ಬರಬಾರದು.

ತುರ್ತು ಸಂದರ್ಭದಲ್ಲಿ ಮಗುವನ್ನು ತಲುಪುವುದು ಹೇಗೆ ಎಂಬ ಪೋಷಕರ ಪ್ರಶ್ನೆ ನ್ಯಾಯವಾದದ್ದೇ. ಶಾಲಾ ಅವಧಿಯುದ್ದಕ್ಕೂ ಕರೆ ಸ್ವೀಕರಿಸುವ ಒಬ್ಬರು ಕಚೇರಿಯಲ್ಲಿರಬೇಕು, ಬಂದ ಸಂದೇಶ ತರಗತಿಗೆ ತಲುಪುವ ಖಚಿತ ವ್ಯವಸ್ಥೆ ಇರಬೇಕು, ಮಗುವಿಗೆ ಮನೆಗೆ ಕರೆ ಮಾಡಬೇಕೆನಿಸಿದರೆ ಕಚೇರಿಯ ಫೋನ್ ದೊರೆಯಬೇಕು. ದಾರಿಯ ಸುರಕ್ಷತೆಗಾಗಿ ಫೋನ್ ತರುವುದನ್ನು ತಡೆಯುತ್ತಿಲ್ಲ, ಶಾಲೆಯೊಳಗಿನ ಬಳಕೆಯನ್ನಷ್ಟೇ ತಡೆಯುತ್ತಿದ್ದೇವೆ ಎಂಬುದನ್ನೂ ಸಭೆಯಲ್ಲಿ ಬಿಡಿಸಿ ಹೇಳಬೇಕು.

ನಿಯಮ ಮುರಿದರೆ

ಮೊದಲ ಬಾರಿ ಫೋನನ್ನು ಪಡೆದು ಸಂಜೆ ಹಿಂದಿರುಗಿಸುವುದು, ಮತ್ತೆ ಮುರಿದರೆ ಪೋಷಕರ ಕೈಗೇ ಕೊಡುವುದು: ಇಷ್ಟು ಸಾಕು. ಪಡೆದ ಫೋನನ್ನು ಹೆಸರು, ಸಮಯ ಬರೆದ ಲಕೋಟೆಯಲ್ಲಿ ಹಾಕಿಡಬೇಕು. ಅದರಲ್ಲಿರುವ ಸಂದೇಶ, ಚಿತ್ರಗಳನ್ನು ಶಿಕ್ಷಕರು ತೆರೆದು ನೋಡಕೂಡದು. ಮಕ್ಕಳ ವಿಶ್ವಾಸ ಒಮ್ಮೆ ಮುರಿದರೆ ಬೇರೆ ಯಾವ ನಿಯಮವೂ ನಡೆಯುವುದಿಲ್ಲ. ಶಿಕ್ಷಕರೂ ತರಗತಿಯಲ್ಲಿ, ಕಾರಿಡಾರಿನಲ್ಲಿ ಫೋನ್ ಹಿಡಿದು ಓಡಾಡಬಾರದು. ಶಾಲೆಯೇ ಮಧ್ಯಾಹ್ನ ವಾಟ್ಸ್‌ಆ್ಯಪ್ ಗುಂಪಿಗೆ ಮನೆಗೆಲಸ ಕಳುಹಿಸುವ ಪದ್ಧತಿಯೂ ನಿಲ್ಲಬೇಕು. ಬಿಡುವಿನಲ್ಲಿ ಚೆಂಡು, ಚೆಸ್, ಕೇರಂ ಕೈಗೆ ಸಿಗುವಂತಿರಲಿ, ಗ್ರಂಥಾಲಯದ ಬಾಗಿಲು ತೆರೆದಿರಲಿ.

ಒಂದು ಶೈಕ್ಷಣಿಕ ಅವಧಿ ಮುಗಿದ ಮೇಲೆ ಫಲಿತಾಂಶವನ್ನು ಪ್ರಾಮಾಣಿಕವಾಗಿ ಪರಿಶೀಲಿಸಬೇಕು. ಇಂಗ್ಲೆಂಡಿನ 30 ಶಾಲೆಗಳ 1,227 ವಿದ್ಯಾರ್ಥಿಗಳನ್ನು ಒಳಗೊಂಡು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿರ್ಬಂಧವಿದ್ದ ಮತ್ತು ಇಲ್ಲದ ಶಾಲೆಗಳ ಮಕ್ಕಳ ಮಾನಸಿಕ ಸ್ವಾಸ್ಥ್ಯದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಶಾಲೆಯ ನಿಯಮವೊಂದೇ ದಿನದ ಒಟ್ಟು ಬಳಕೆಯನ್ನು ತಗ್ಗಿಸಲಾರದು. ಆದ್ದರಿಂದ ಶಾಲೆ ಅಳೆಯಬೇಕಾದದ್ದು ತನ್ನ ಹಿಡಿತದಲ್ಲಿರುವುದನ್ನು: ಪಾಠದ ನಡುವೆ ಎಷ್ಟು ಸಲ ಫೋನಿಗಾಗಿ ನಿಲ್ಲಬೇಕಾಯಿತು, ಯಾವ ತರಗತಿಯಿಂದ ಹೆಚ್ಚು ಫೋನ್ ಪಡೆಯಲಾಯಿತು, ಸಂಜೆ ಹಿಂದಿರುಗಿಸಲು ಎಷ್ಟು ಹೊತ್ತು ಹಿಡಿಯಿತು, ಕಚೇರಿಗೆ ಬಂದ ಯಾವ ಸಂದೇಶ ಮಗುವಿಗೆ ತಡವಾಗಿ ತಲುಪಿತು. ಈ ವಿವರಗಳನ್ನು ಮುಂದಿನ ಪೋಷಕರ ಸಭೆಯಲ್ಲಿ, ವಿದ್ಯಾರ್ಥಿ ಪ್ರತಿನಿಧಿಗಳನ್ನೂ ಕೂರಿಸಿಕೊಂಡು ಓದಿ, ತಿದ್ದುಪಡಿಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು.