ರಿಪೇರಿ ಮಾಡುವವರ ಆನ್‌ಲೈನ್ ಡೈರೆಕ್ಟರಿ: ಲಿಸ್ಟಿಂಗ್, ಕ್ಯಾಟಗರಿ, ಕ್ಲೇಮ್ ಎಲ್ಲ ಹೀಗೆ ಹೊಂದಿಸಿಕೊಂಡೆ

ಬೆಂಗಳೂರಿನಲ್ಲಿ ಹೊಸ ಕುಕ್ಕರ್ ಮಾರುವ ಅಂಗಡಿ ಬೀದಿ ಬೀದಿಯಲ್ಲೂ ಸಿಗುತ್ತದೆ. ಹಳೇ ಕುಕ್ಕರಿಗೆ ಹಿಡಿ ಹಾಕಿಕೊಡುವವರು ಎಲ್ಲಿದ್ದಾರೆ ಅಂತ ಕೇಳಿದರೆ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಗ್ಯಾಸ್ ಸ್ಟವ್, ಮಿಕ್ಸಿ, ಹೊಲಿಗೆ ಮೆಷಿನ್, ಗಡಿಯಾರ, ಛತ್ರಿ, ಬ್ಯಾಗಿನ ಜಿಪ್ಪು ಸರಿ ಮಾಡುವವರು ಊರ ತುಂಬ ಇದ್ದಾರೆ. ಅವರಲ್ಲಿ ಹೆಚ್ಚಿನವರು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರಿಗಾಗಿ ಬಸವನಗುಡಿ, ಹನುಮಂತನಗರ, ಚಾಮರಾಜಪೇಟೆ, ಜಯನಗರದ ಸುತ್ತಮುತ್ತಲಿನ ಮಟ್ಟಿಗೆ ಒಂದು ಸಣ್ಣ ಡೈರೆಕ್ಟರಿ ಕಟ್ಟಿದೆ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಹಾಕಿ, ಅದರ ಮೇಲೊಂದು ಡೈರೆಕ್ಟರಿ ಪ್ಲಗಿನ್, ಅಂದರೆ ಡೈರೆಕ್ಟರಿಯ ಕೆಲಸ ಸೇರಿಸಿಕೊಡುವ ಸಣ್ಣ ಸಾಫ್ಟ್‌ವೇರ್, ಕೂರಿಸಿದೆ.

ಇಂಥ ಸಾಫ್ಟ್‌ವೇರ್ ಯಾವುದನ್ನೇ ತೆರೆಯಿರಿ, ಮೆನುವಿನಲ್ಲಿ ಹೆಚ್ಚುಕಡಿಮೆ ಇವೇ ಹೆಸರುಗಳು ಇರುತ್ತವೆ: ಲಿಸ್ಟಿಂಗ್, ಕ್ಯಾಟಗರಿ, ಟ್ಯಾಗ್, ಕಸ್ಟಮ್ ಫೀಲ್ಡ್, ಲೊಕೇಶನ್, ಕ್ಲೇಮ್, ಫೀಚರ್ಡ್, ಪ್ಲಾನ್. ಒಂದೊಂದು ಹೆಸರಿನ ಹಿಂದೆಯೂ ನಾವೇ ಮಾಡಬೇಕಾದ ತೀರ್ಮಾನ ಒಂದಿರುತ್ತದೆ. ನಾವು ಮಾಡದಿದ್ದರೆ ಸಾಫ್ಟ್‌ವೇರ್ ತನ್ನ ಪಾಡಿಗೆ ಏನೋ ಒಂದನ್ನು ಹಿಡಿದುಕೊಂಡು ಹೋಗುತ್ತದೆ. ಅದಕ್ಕೇ ಮೊದಲ ಅಂಗಡಿ ಸೇರಿಸುವ ಮುಂಚೆ ಇಷ್ಟನ್ನೂ ಕಾಗದದ ಮೇಲೆ ಬರೆದು ತೀರ್ಮಾನ ಮಾಡಿಕೊಂಡೆ.

ಲಿಸ್ಟಿಂಗ್ ಅಂದರೆ ಡೈರೆಕ್ಟರಿಯ ಒಂದು ದಾಖಲೆ, ಒಂದು ಪುಟ. ಯಾವುದನ್ನು ಒಂದು ಅಂತ ಎಣಿಸಬೇಕು? ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಗಿರಾಕಿ ಹೋಗಿ ನಿಲ್ಲುವ ಜಾಗ ಒಂದಾದರೆ ಲಿಸ್ಟಿಂಗೂ ಒಂದು. ಒಂದೇ ಅಂಗಡಿಯಲ್ಲಿ ಸ್ಟವ್ವೂ ಮಿಕ್ಸಿಯೂ ರಿಪೇರಿ ಆಗುತ್ತಿದ್ದರೆ ಒಂದೇ ಲಿಸ್ಟಿಂಗು, ಎರಡು ಕ್ಯಾಟಗರಿ. ಒಬ್ಬರೇ ಎರಡು ಕಡೆ ಅಂಗಡಿ ಇಟ್ಟಿದ್ದರೆ ಎರಡು ಲಿಸ್ಟಿಂಗು. ಅಂಗಡಿಯೇ ಇಲ್ಲದೆ ಫುಟ್‌ಪಾತ್ ಮೇಲೆ ಕೂತು ಚಪ್ಪಲಿ, ಛತ್ರಿ ಹೊಲಿಯುವವರಿಗೂ ಲಿಸ್ಟಿಂಗ್ ಕೊಟ್ಟೆ. ಬಾಡಿಗೆ ಅಂಗಡಿ, ಬೋರ್ಡು ಇದ್ದರೆ ಮಾತ್ರ ವ್ಯಾಪಾರ ಅನ್ನುವ ನಿಯಮ ನನಗೆ ಒಪ್ಪಿಗೆ ಇಲ್ಲ.

ಹೆಚ್ಚು ತಲೆ ಕೆಡಿಸುವುದು ಕ್ಯಾಟಗರಿ, ಟ್ಯಾಗ್, ಕಸ್ಟಮ್ ಫೀಲ್ಡ್ ಈ ಮೂರು. ನೋಡಿದರೆ ಮೂರೂ ಒಂದೇ ಕೆಲಸ ಮಾಡುವ ಹಾಗೆ ಕಾಣುತ್ತವೆ ಅಲ್ವಾ? ಕ್ಯಾಟಗರಿಗೆ ಮೇಲು ಕೆಳಗು ಇರುತ್ತದೆ. 'ಅಡುಗೆಮನೆ' ಅನ್ನುವುದರ ಕೆಳಗೆ 'ಮಿಕ್ಸಿ', 'ಕುಕ್ಕರ್', 'ಗ್ಯಾಸ್ ಸ್ಟವ್' ಬರುತ್ತವೆ. ಟ್ಯಾಗ್‌ಗೆ ಅದು ಇಲ್ಲ, ಎಲ್ಲ ಟ್ಯಾಗೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕಸ್ಟಮ್ ಫೀಲ್ಡ್ ಅಂದರೆ ಪ್ರತಿ ಲಿಸ್ಟಿಂಗಿಗೂ ನಾವು ಕೇಳುವ ಒಂದೇ ತರದ ಪ್ರಶ್ನೆ. ಅದಕ್ಕೆ ಉತ್ತರ ಹೌದು ಅಥವಾ ಇಲ್ಲ ಅಂತ ಇರಬಹುದು, ಸಂಖ್ಯೆ ಇರಬಹುದು, ಪಟ್ಟಿಯಿಂದ ಆರಿಸಿದ್ದು ಇರಬಹುದು.

ಯಾವುದು ಎಲ್ಲಿಗೆ ಸೇರಬೇಕು ಅಂತ ನೋಡುವಾಗ ನಾನು ಗಿರಾಕಿಯ ಬಾಯಿಂದ ಬರುವ ಮಾತನ್ನೇ ಹಿಡಿದುಕೊಳ್ಳುತ್ತೇನೆ. 'ಮಿಕ್ಸಿ ರಿಪೇರಿ ಎಲ್ಲಿ?' ಇದು ಮೊದಲ ಪ್ರಶ್ನೆ, ಹಾಗಾಗಿ ಮಿಕ್ಸಿ ಕ್ಯಾಟಗರಿ. ಪಟ್ಟಿ ಕಂಡ ಮೇಲೆ 'ಮನೆಗೆ ಬರ್ತಾರಾ? ಬಿಡಿಭಾಗ ಅವರ ಹತ್ತಿರಾನೇ ಇರುತ್ತಾ?' ಅಂತ ಕೇಳುತ್ತಾರೆ. ಅದು ಎರಡನೇ ಪ್ರಶ್ನೆ, ಅದು ಫೀಲ್ಡ್. ಹುಡುಕುವ ಜಾಗದ ಪಕ್ಕದಲ್ಲಿ ಟಿಕ್ ಮಾಡುವ ಫಿಲ್ಟರ್ ಡಬ್ಬಿಗಳು ಬರುತ್ತವಲ್ಲ, ಅವು ಈ ಫೀಲ್ಡುಗಳಿಂದಲೇ ಹುಟ್ಟುತ್ತವೆ. ಟ್ಯಾಗ್ ಬೇಕಾಗುವುದು ಕೆಲವರು ಮಾತ್ರ ಬರೆದು ಹುಡುಕುವ ಪದಗಳಿಗೆ. ಎಚ್‌ಎಂಟಿ ವಾಚು ಒಳ್ಳೇ ಉದಾಹರಣೆ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ನಮ್ಮ ಬೆಂಗಳೂರಿನಲ್ಲೇ ಅದರ ತಯಾರಿಕೆ ಶುರುವಾಯಿತು. 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಈಗಲೂ ಅಪ್ಪನ ಎಚ್‌ಎಂಟಿ ಕೈಯಲ್ಲಿ ಹಿಡಿದುಕೊಂಡು ಓಡಾಡುವವರು ಎಷ್ಟೋ ಜನ. ಎಲ್ಲ ಗಡಿಯಾರದವರೂ ಅದನ್ನು ಮುಟ್ಟುವುದಿಲ್ಲ. ಕೀ ಕೊಡುವ ವಾಚು ಬಿಚ್ಚಿ ಜೋಡಿಸುವವರ ಲಿಸ್ಟಿಂಗಿಗೆ ಮಾತ್ರ ಆ ಟ್ಯಾಗ್ ಹಾಕಿದ್ದೇನೆ. ಸುಮೀತ್ ಮಿಕ್ಸಿಗೂ ಹೀಗೇ.

ಕ್ಯಾಟಗರಿ ಜಾಸ್ತಿ ಮಾಡಿಕೊಳ್ಳಬೇಡಿ. ಒಂದೇ ಒಂದು ಲಿಸ್ಟಿಂಗ್ ಇರುವ ಕ್ಯಾಟಗರಿ ಪುಟ ತೆರೆದವರು ಮತ್ತೆ ಬರುವುದಿಲ್ಲ. ಅಲ್ಲದೆ ಕ್ಯಾಟಗರಿಯ ಹೆಸರು ಬದಲಾಯಿಸಿದರೆ ಸಾಮಾನ್ಯವಾಗಿ ಅದರ ಪುಟದ ವಿಳಾಸವನ್ನೂ ಬದಲಾಯಿಸಬೇಕೆನ್ನಿಸುತ್ತದೆ. ಹಾಗೆ ಬದಲಾಯಿಸಿದರೆ ಹಳೇ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಪಡೆದವರಿಗೆ 'ಪುಟ ಇಲ್ಲ' ಅಂತ ಬರುತ್ತದೆ. ಆಗ 301 ರೀಡೈರೆಕ್ಟ್ ಹಾಕಬೇಕು, ಅಂದರೆ ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು.

ಪುಟದ ವಿಳಾಸದ ಕೊನೆಯ ತುಂಡಿಗೆ ಸ್ಲಗ್ ಅನ್ನುತ್ತಾರೆ. ಲಿಸ್ಟಿಂಗಿನ ಹೆಸರು ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ಸ್ಲಗ್ಗನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಒಳಗೆ ಯೂನಿಕೋಡ್‌ನ, ಅಂದರೆ ಎಲ್ಲ ಭಾಷೆಯ ಲಿಪಿಗೂ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿಯ, ಒಂದೊಂದು ಕನ್ನಡ ಚಿಹ್ನೆಯೂ ಮೂರು ಬೈಟ್ ಆಗಿ, ಶೇಕಡಾ ಗುರುತು ಸೇರಿಸಿ ಒಂಬತ್ತು ಅಕ್ಷರ ಜಾಗ ತಿನ್ನುತ್ತದೆ. ಕೊಂಬು, ದೀರ್ಘ, ಒತ್ತು ಇವೆಲ್ಲ ಬೇರೆ ಬೇರೆ ಚಿಹ್ನೆಗಳೇ. ಸ್ಲಗ್ಗಿಗೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಅಕ್ಷರ. ಅಂದರೆ ಇಪ್ಪತ್ತೆರಡು ಚಿಹ್ನೆಗೆ ಮುಗಿಯಿತು, ಎರಡು ಮೂರು ಪದ ಅಷ್ಟೆ. ಉದ್ದ ಹೆಸರು ನಡುವೆಯೇ ಕತ್ತರಿಸಿಹೋಗುತ್ತದೆ. ನಾನು ಪುಟದ ತಲೆಬರಹ, ವಿವರ ಎಲ್ಲ ಕನ್ನಡದಲ್ಲೇ ಇಟ್ಟು, ಸ್ಲಗ್ಗನ್ನು ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೈಯಿಂದ ಬರೆಯುತ್ತೇನೆ.

ಇನ್ನು ಲೊಕೇಶನ್. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮ ವಿಳಾಸಗಳು ಮೇನು, ಕ್ರಾಸು, ಬ್ಲಾಕು, ಸ್ಟೇಜು ಅಂತ ನಡೆಯುತ್ತವೆ. '4ನೇ ಕ್ರಾಸ್, 1ನೇ ಮೇನ್' ಊರಲ್ಲಿ ಎಷ್ಟು ಬಡಾವಣೆ ಇದೆಯೋ ಅಷ್ಟು ಸಲ ಸಿಗುತ್ತದೆ. ಇದನ್ನೆಲ್ಲ ಒಂದೇ ಡಬ್ಬಿಯಲ್ಲಿ ತುಂಬಿದರೆ ಯಾವ ಸಾಫ್ಟ್‌ವೇರೂ ಸರಿಯಾಗಿ ಹುಡುಕಿಕೊಡುವುದಿಲ್ಲ. ಹಾಗಾಗಿ ಕ್ರಾಸು, ಮೇನು, ಬಡಾವಣೆ, ಪಿನ್ ಕೋಡ್ ನಾಲ್ಕನ್ನೂ ಬೇರೆ ಬೇರೆ ಫೀಲ್ಡ್ ಮಾಡಿದೆ. ಬಸವನಗುಡಿ 560004, ಚಾಮರಾಜಪೇಟೆ 560018. ಬಡಾವಣೆಯ ಹೆಸರನ್ನು ಜನ ನಾಲ್ಕು ತರ ಬರೆದರೂ ಪಿನ್ ಕೋಡ್ ಬದಲಾಗುವುದಿಲ್ಲ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ತಂದ ಈ ಆರು ಅಂಕಿ ಡೈರೆಕ್ಟರಿ ಮಾಡುವವರಿಗೆ ಇವತ್ತಿಗೂ ದೊಡ್ಡ ಆಸರೆ. ಐದನೆಯದಾಗಿ 'ಗುರುತು' ಅನ್ನುವ ಫೀಲ್ಡ್ ಸೇರಿಸಿದೆ. 'ದೇವಸ್ಥಾನದ ಎದುರು ಸಂದಿ', 'ಹೂವಿನ ಅಂಗಡಿ ಪಕ್ಕ ಮೆಟ್ಟಿಲು ಹತ್ತಿ' ಅನ್ನುವಂಥದ್ದು. ಫೋನ್ ಮಾಡಿ ದಾರಿ ಕೇಳುವವರಿಗೆ ಅಂಗಡಿಯವರು ಹೇಳುವುದೂ ಇದನ್ನೇ ತಾನೇ.

ವಿಳಾಸವನ್ನು ನಕ್ಷೆಯ ಮೇಲಿನ ಚುಕ್ಕೆಯಾಗಿ ಮಾಡುವುದು ಜಿಯೋಕೋಡಿಂಗ್. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆಯ ನೊಮಿನಾಟಿಮ್ ಸೇವೆ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೋರಿಕೆ ಕಳಿಸಬಾರದು, ನಕ್ಷೆಯ ಕೆಳಗೆ ಅವರ ಹೆಸರು ಹಾಕಬೇಕು, ಇದು ಅವರ ಷರತ್ತು. ಮುಖ್ಯ ರಸ್ತೆಗೆ ಸರಿ, ಒಳಗಿನ ಕ್ರಾಸುಗಳಿಗೆ ಇದನ್ನು ನಂಬಿ ಕೂರಬೇಡಿ. ನಾನು ಅಂಗಡಿ ಮುಂದೆ ನಿಂತು ಫೋನಿನಲ್ಲೇ ಅಕ್ಷಾಂಶ ರೇಖಾಂಶ ಹಿಡಿದೆ. ದಶಮಾಂಶದ ನಂತರ ಎರಡೇ ಅಂಕಿ ಬರೆದರೆ ಚುಕ್ಕೆ ಒಂದು ಕಿಲೋಮೀಟರಿನ ಒಳಗೆ ಎಲ್ಲೋ ಇದೆ ಅಂತ ಮಾತ್ರ ಅರ್ಥ. ನಾಲ್ಕು ಅಂಕಿ ಇದ್ದರೆ ಸುಮಾರು ಹನ್ನೊಂದು ಮೀಟರ್, ಐದು ಇದ್ದರೆ ಬಾಗಿಲಿಗೇ ಬಂದ ಹಾಗೆ. ಕೆಲವು ಸಾಫ್ಟ್‌ವೇರ್ ಅಕ್ಷಾಂಶ ಮೊದಲು ಕೇಳುತ್ತದೆ, ನಕ್ಷೆಯ ಚುಕ್ಕೆಗಳನ್ನು ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು. ಬಸವನಗುಡಿಯ 12.94, 77.57 ತಿರುವುಮುರುವಾದರೆ ಅಂಗಡಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಬೆಂಗಳೂರಿಗೆ ಅಕ್ಷಾಂಶ 12 ಅಥವಾ 13, ರೇಖಾಂಶ 77. ಬೇರೆ ಏನು ಬಂದರೂ ಒಪ್ಪಬೇಡ ಅಂತ ಫಾರ್ಮಿನಲ್ಲೇ ಕಟ್ಟು ಹಾಕಿಬಿಟ್ಟರೆ ನೆಮ್ಮದಿ.

'ನನ್ನ ಹತ್ತಿರ ಇರುವವರು' ಅಂತ ಹುಡುಕುವುದಕ್ಕೆ ರೇಡಿಯಸ್ ಸರ್ಚ್ ಅನ್ನುತ್ತಾರೆ. ಅದು ಹಕ್ಕಿ ಹಾರುವ ದೂರ ಲೆಕ್ಕ ಹಾಕುತ್ತದೆ, ರಸ್ತೆಯ ದೂರ ಅದಕ್ಕೆ ತಿಳಿಯದು. ಬಸವನಗುಡಿ ಕಡೆಯಿಂದ ಹುಡುಕಿದರೆ ವಿಲ್ಸನ್ ಗಾರ್ಡನ್ ಕಡೆಯ ಅಂಗಡಿ ಹತ್ತಿರದಲ್ಲೇ ಇರುವಂತೆ ತೋರಿಸುತ್ತದೆ. ನಡುವೆ 240 ಎಕರೆಯ ಲಾಲ್‌ಬಾಗ್ ಇದೆ, ಬಳಸಿಕೊಂಡೇ ಹೋಗಬೇಕು. ಮಿಕ್ಸಿ ಹೊತ್ತುಕೊಂಡು ಯಾರು ಹೋಗುತ್ತಾರೆ? ಅದಕ್ಕೇ ದೂರವನ್ನು ಮೊದಲೇ ಚಿಕ್ಕದಾಗಿ ಇಟ್ಟು, ಜೊತೆಗೆ ಬಡಾವಣೆಯ ಹೆಸರಿನಿಂದ ಆರಿಸುವ ಪಟ್ಟಿಯನ್ನೂ ಕೊಟ್ಟೆ. ಜನ ಬಳಸುವುದು ಆ ಪಟ್ಟಿಯನ್ನೇ.

ಲಿಸ್ಟಿಂಗುಗಳನ್ನು ಒಟ್ಟಿಗೆ ತುಂಬುವ ಕೆಲಸಕ್ಕೆ ಸಿಎಸ್‌ವಿ ಇಂಪೋರ್ಟ್, ಅಂದರೆ ಕಾಲಮ್ಮುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ ಫೈಲಿನಿಂದ ತುಂಬುವ ಸೌಲಭ್ಯ, ಇರುತ್ತದೆ. ಎಕ್ಸೆಲ್‌ನಲ್ಲಿ ಸುಮ್ನೆ ಸಿಎಸ್‌ವಿ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, 'ಸಿಎಸ್‌ವಿ ಯುಟಿಎಫ್-8' ಆರಿಸಬೇಕು. ಫೋನ್ ನಂಬರಿನ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಕೊಳ್ಳಿ. ಇಲ್ಲದಿದ್ದರೆ ನಮ್ಮ 080 ದಲ್ಲಿ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಯಾರಾದರೂ 'ನುಡಿ' ಅಥವಾ 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನ ಫೈಲ್ ಕೊಟ್ಟರೆ ಅದನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು.

ಒಂದೇ ಅಂಗಡಿ ಎರಡು ಸಲ ಸೇರುವುದಕ್ಕೆ ಡೂಪ್ಲಿಕೇಟ್ ಅನ್ನುತ್ತಾರೆ. ಇದನ್ನು ಹೆಸರಿನಿಂದ ಹಿಡಿಯಲು ಹೋದರೆ ಆಗುವುದಿಲ್ಲ. ಕುಕ್ಕರ್ ಅಂತ ಒಬ್ಬರು ಬರೆದರೆ ಕುಕರ್ ಅಂತ ಇನ್ನೊಬ್ಬರು. ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರ ಬಿಡಿಸಲು ಬಳಸುವ, ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಇದೆ. ಅದು ಒಂದು ಹೆಸರಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಂಪ್ಯೂಟರಿಗೆ ಎರಡೂ ಬೇರೆ. ನಾನು ಫೋನ್ ನಂಬರಿನ ಕೊನೆಯ ಹತ್ತು ಅಂಕಿಯನ್ನು ಮೊದಲು ಹೋಲಿಸುತ್ತೇನೆ, ಆಮೇಲೆ ಪಿನ್ ಕೋಡ್, ಕೊನೆಗೆ ಹೆಸರು.

ಕ್ಲೇಮ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ನಾವೇ ಸೇರಿಸಿದ ಲಿಸ್ಟಿಂಗನ್ನು ಅಂಗಡಿಯವರು 'ಇದು ನಂದು' ಅಂತ ಹೇಳಿ ತಮ್ಮ ಕೈಗೆ ತೆಗೆದುಕೊಳ್ಳುವುದೇ ಕ್ಲೇಮ್. ಸಾಮಾನ್ಯವಾಗಿ ಸಾಫ್ಟ್‌ವೇರ್ ಇದಕ್ಕೆ ಇಮೇಲ್ ಕೇಳುತ್ತದೆ. ಸ್ಟವ್ ರಿಪೇರಿ ಮಾಡುವವರ ಹತ್ತಿರ ಇಮೇಲ್ ಎಲ್ಲಿಂದ ಬರಬೇಕು? ಅಂಗಡಿಯ ನಂಬರಿಗೇ ಒಟಿಪಿ ಹೋಗುವ ಹಾಗೆ ಮಾಡಿದೆ. ಆ ಫೋನು ಕೈಯಲ್ಲಿದ್ದರೆ ಅಂಗಡಿ ಅವರದ್ದೇ ಅನ್ನುವುದಕ್ಕೆ ಅಷ್ಟು ಸಾಕು. ವೆರಿಫೈಡ್ ಅನ್ನುವ ಗುರುತನ್ನು ಬೇರೆಯೇ ಇಟ್ಟಿದ್ದೇನೆ. ಅದನ್ನು ಹಾಕುವುದು ನಾನು ಅಥವಾ ನನ್ನ ಜೊತೆ ಕೆಲಸ ಮಾಡುವವರು ಅಂಗಡಿಗೆ ಹೋಗಿ ನೋಡಿ ಬಂದ ಮೇಲೆ. ಕ್ಲೇಮ್ ಆದ ಕೂಡಲೇ ವೆರಿಫೈಡ್ ಅಂತ ತೋರಿಸುವ ಸಾಫ್ಟ್‌ವೇರ್‌ಗಳಿವೆ, ಆ ಸೆಟ್ಟಿಂಗನ್ನು ತೆಗೆದುಹಾಕಿ.

ನಂಬರ್ ಹಾಕುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಿದೆ. ಹನುಮಂತನಗರದಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವ ಹಿರಿಯರೊಬ್ಬರನ್ನು, "ಯಜಮಾನ್ರೇ, ನಿಮ್ಮ ನಂಬರ್ ಇದರಲ್ಲಿ ಹಾಕಬಹುದಾ?" ಅಂತ ಕೇಳಿದೆ. "ಹಾಕಮ್ಮ, ಆದ್ರೆ ಮಧ್ಯಾಹ್ನ ಊಟದ ಹೊತ್ತಲ್ಲಿ ಫೋನ್ ಮಾಡಬೇಡಿ ಅಂತಾನೂ ಬರಿ" ಅಂದರು. ಅದು ತುಂಬ ಉಪಯೋಗದ ಮಾತು. ತೆರೆದಿರುವ ಸಮಯದ ಫೀಲ್ಡಿನಲ್ಲಿ ದಿನಕ್ಕೆ ಎರಡು ಪಾಳಿ ಹಾಕುವ ಸೌಲಭ್ಯ ಇದೆಯಾ ಅಂತ ಪ್ಲಗಿನ್ ಕೊಳ್ಳುವ ಮುಂಚೆಯೇ ನೋಡಿ. ಬೆಳಿಗ್ಗೆ ಹತ್ತರಿಂದ ಒಂದೂವರೆ, ಮತ್ತೆ ನಾಲ್ಕರಿಂದ ಎಂಟು, ಹೀಗೆ ನಡೆಯುವ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ತಂದ ಸ್ಕೀಮಾದಲ್ಲಿ, ಅಂದರೆ ಸರ್ಚ್ ಎಂಜಿನ್ನಿಗೆ ಅಂಗಡಿಯ ವಿವರ ಬಿಡಿಸಿ ಹೇಳುವ ಗುರುತುಗಳಲ್ಲಿ, ಎರಡು ಪಾಳಿ ಬರೆಯಲು ಜಾಗ ಇದೆ.

ಫೀಚರ್ಡ್ ಲಿಸ್ಟಿಂಗ್ ಅಂದರೆ ದುಡ್ಡು ಕೊಟ್ಟವರನ್ನು ಮೇಲೆ ತೋರಿಸುವುದು. ಪ್ಲಾನ್ ಅಂದರೆ ಎಷ್ಟು ದುಡ್ಡಿಗೆ ಎಷ್ಟು ಫೋಟೋ, ಎಷ್ಟು ತಿಂಗಳು ಅನ್ನುವ ಲೆಕ್ಕ. ಸರ್ವರ್ ಖರ್ಚು ಬರಬೇಕಲ್ಲ, ನಾನೂ ಇಟ್ಟಿದ್ದೇನೆ. ಅಂಥವುಗಳ ಮೇಲೆ 'ಜಾಹೀರಾತು' ಅಂತ ಎದ್ದು ಕಾಣುವಂತೆ ಬರೆದಿದ್ದೇನೆ. ಅವರ ವೆಬ್‌ಸೈಟಿಗೆ ಕೊಡುವ ಲಿಂಕಿಗೆ 'ಸ್ಪಾನ್ಸರ್ಡ್' ಗುರುತು ಹಾಕಿದ್ದೇನೆ. ದುಡ್ಡಿನ ಲಿಂಕುಗಳಿಗೆ ಈ ಗುರುತು ಹಾಕಿ ಅಂತ ಗೂಗಲ್ 2019ರಿಂದ ಹೇಳುತ್ತಿದೆ. ದುಡ್ಡು ಕೊಡದವರ ಫೋನ್ ನಂಬರನ್ನು ಮರೆಮಾಡುವ ಪ್ಲಾನ್ ನನ್ನಲ್ಲಿ ಇಲ್ಲ, ಇಡುವುದೂ ಇಲ್ಲ. ನಂಬರ್ ಸಿಗದ ಡೈರೆಕ್ಟರಿಯಿಂದ ರಿಪೇರಿಯವರಿಗೂ ಲಾಭವಿಲ್ಲ, ಗಿರಾಕಿಗೂ ಇಲ್ಲ.

ಎಕ್ಸ್‌ಪೈರಿ ಅನ್ನುವ ಸೆಟ್ಟಿಂಗ್ ಹುಷಾರಾಗಿ ನೋಡಿ. ಪ್ಲಾನಿನ ಅವಧಿ ಮುಗಿದಾಗ ಇಡೀ ಲಿಸ್ಟಿಂಗನ್ನೇ ಮಾಯ ಮಾಡುವುದು ಕೆಲವು ಸಾಫ್ಟ್‌ವೇರ್‌ಗಳ ಕ್ರಮ. ನನ್ನಲ್ಲಿ ಫೀಚರ್ಡ್ ಅನ್ನುವುದು ಮಾತ್ರ ಕಳಚಿ, ಲಿಸ್ಟಿಂಗ್ ಅಲ್ಲೇ ಉಳಿಯುತ್ತದೆ. ಅಂಗಡಿ ನಿಜವಾಗಿ ಮುಚ್ಚಿದ್ದರೆ ಅದಕ್ಕೆ 'ಮುಚ್ಚಿದೆ' ಅನ್ನುವ ಬೇರೆ ಸ್ಥಿತಿ ಇದೆ. ಪುಟ ಅಳಿಸುವುದಿಲ್ಲ. ಫೋನ್ ನಂಬರ್ ತೆಗೆದು, ಅದೇ ಕೆಲಸ ಮಾಡುವ ಹತ್ತಿರದವರ ಹೆಸರುಗಳನ್ನು ಕೆಳಗೆ ತೋರಿಸುತ್ತೇನೆ. ಹುಡುಕಿಕೊಂಡು ಬಂದವರ ಕೈಯಲ್ಲಿ ಕೆಟ್ಟ ಮಿಕ್ಸಿ ಇನ್ನೂ ಇರುತ್ತದಲ್ಲ.

ಪ್ರತಿ ಪುಟದ ಕೆಳಗೆ 'ಕೊನೆಯ ಸಲ ವಿಚಾರಿಸಿದ್ದು' ಅಂತ ತಾರೀಕಿನ ಫೀಲ್ಡ್ ಒಂದಿದೆ. ಯಾವ ಪ್ಲಗಿನ್ನೂ ಇದನ್ನು ತಾನಾಗಿ ಕೊಡಲಿಲ್ಲ, ಕಸ್ಟಮ್ ಫೀಲ್ಡಿನಲ್ಲಿ ನಾನೇ ಸೇರಿಸಿಕೊಂಡೆ. ಲಿಸ್ಟಿಂಗುಗಳನ್ನು ಈ ತಾರೀಕಿನ ಪ್ರಕಾರ ಸಾಲಾಗಿಸಿ, ತುಂಬ ಹಳೆಯದರಿಂದ ಶುರುಮಾಡಿ ಫೋನ್ ಮಾಡುತ್ತಾ ಬರುತ್ತೇನೆ, ಊಟದ ಹೊತ್ತು ಬಿಟ್ಟು.