ತಳ ಗರಿಗರಿಯಾಗಿರುವ ತರಕಾರಿ ಟಾರ್ಟ್

ಟಾರ್ಟ್ ಅಂದರೆ ಹಿಟ್ಟಿನ ತಟ್ಟೆಯೊಳಗೆ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು. ಅದು ಚೆನ್ನಾಗಿ ಬಂದಿದೆಯೋ ಇಲ್ಲವೋ ಅಂತ ನಾನು ಮೇಲಿನ ಬಣ್ಣ ನೋಡಿ ಹೇಳುವುದಿಲ್ಲ. ಒಂದು ತುಂಡು ಎತ್ತಿ ತಳ ನೋಡುತ್ತೇನೆ. ತಳ ಹೊಂಬಣ್ಣಕ್ಕೆ ತಿರುಗಿ, ಕೈಯಲ್ಲಿ ಹಿಡಿದಾಗ ಬಾಗದೆ ನಿಂತರೆ ಸರಿ. ಬಿಳಿಚಿಕೊಂಡು ಮೆತ್ತಗಿದ್ದರೆ ಮೇಲೆ ಎಷ್ಟು ಚೀಸ್ ಸುರಿದರೂ ರುಚಿ ಕೂಡುವುದಿಲ್ಲ. ಮುಂದೆ ಹೇಳುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ತಳಕ್ಕಾಗಿಯೇ.

ಇದು ಫ್ರಾನ್ಸಿನ ಕಡೆಯ ತಿನಿಸು. ಅಲ್ಲಿನ ಲೊರೇನ್ ಪ್ರಾಂತ್ಯದ ಕಿಶ್ ಎಂಬ ಟಾರ್ಟ್‌ನಲ್ಲಿ ಮೊಟ್ಟೆ, ಕ್ರೀಮ್, ಉಪ್ಪು ಹಾಕಿಟ್ಟ ಹಂದಿಮಾಂಸ ಇರುತ್ತವೆ. ಮೈಸೂರಿನ ನಮ್ಮ ಮನೆಯಲ್ಲಿ ಮಾಂಸದ ಜಾಗಕ್ಕೆ ಪಾಲಕ್, ಈರುಳ್ಳಿ, ಅಣಬೆ ಬಂದಿವೆ. ನಾನು ಕೊಡುತ್ತಿರುವ ಅಳತೆ 9 ಇಂಚಿನ, ತಳ ಬೇರ್ಪಡುವ ಟಾರ್ಟ್ ಟಿನ್‌ಗೆ. ಸಾಮಾನ್ಯ ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) ಇದು ಆರಾಮಾಗಿ ಕೂರುತ್ತದೆ, ಆರು ಜನಕ್ಕೆ ಸಾಕಾಗುತ್ತದೆ.

ಮೊದಲು ಹಿಟ್ಟು. ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಉಪ್ಪು ಕಾಲು ಚಮಚ, ಐಸ್ ನೀರು ಮೂರರಿಂದ ನಾಲ್ಕು ದೊಡ್ಡ ಚಮಚ. ಬೆಣ್ಣೆಯಲ್ಲೇ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ಮೈದಾದಲ್ಲಿ 50 ಗ್ರಾಂನಷ್ಟು ತೆಗೆದು ಗೋಧಿ ಹಿಟ್ಟು ಸೇರಿಸಬಹುದು, ರುಚಿ ಹೆಚ್ಚುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಗಡುಸಾಗುತ್ತದೆ.

ಬೆಣ್ಣೆ ಮಾತ್ರ ಅಂಗಡಿಯದ್ದೇ ಇರಲಿ. ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರಷ್ಟು, ನೀರು ಶೇಕಡಾ 16ರ ಒಳಗೆ. ಮನೆಯಲ್ಲಿ ಕಡೆದ ಬೆಣ್ಣೆ ದೋಸೆಗೆ, ರೊಟ್ಟಿಗೆ ಬಲು ರುಚಿ. ಆದರೆ ಅದರಲ್ಲಿ ಮಜ್ಜಿಗೆ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ, ಹಿಟ್ಟಿನ ಹದ ತಪ್ಪುತ್ತದೆ.

ನಿಪ್ಪಟ್ಟಿಗೆ, ಕೋಡುಬಳೆಗೆ ನಾವು ಕಾದ ಎಣ್ಣೆಯನ್ನು ಹಿಟ್ಟಿಗೆ ಹಾಕಿ ಉಜ್ಜುತ್ತೇವಲ್ಲ, ಇಲ್ಲಿ ಅದಕ್ಕೆ ಪೂರ್ತಿ ವಿರುದ್ಧ. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬೇಕು, ಗಟ್ಟಿಯಾಗಿರಬೇಕು. ಕಾದ ಎಣ್ಣೆ ಹಿಟ್ಟಿನ ಕಣಕಣಕ್ಕೂ ಹತ್ತಿ ಪುಡಿಪುಡಿಯಾಗುವ ಗರಿ ಕೊಡುತ್ತದೆ. ತಣ್ಣನೆಯ ಬೆಣ್ಣೆ ಹಿಟ್ಟಿನ ನಡುವೆ ಚೂರುಚೂರಾಗಿ ಉಳಿದು, ಓವನ್ನಿನಲ್ಲಿ ಕರಗಿ, ಅದರೊಳಗಿನ ನೀರು ಹಬೆಯಾಗಿ ಪದರ ಎಬ್ಬಿಸುತ್ತದೆ. ಹಾಗಾಗಿ ಬೆಣ್ಣೆಯನ್ನು ಚಿಕ್ಕ ಚೌಕಗಳಾಗಿ ಹೆಚ್ಚಿ ಮೈದಾಕ್ಕೆ ಹಾಕಿ, ಬೆರಳ ತುದಿಯಲ್ಲಿ ಮಾತ್ರ ಉಜ್ಜಿ. ಅಂಗೈ ಬಿಸಿ ಇರುತ್ತದೆ, ಅದು ತಾಗಬಾರದು. ಎಲ್ಲಾ ದಪ್ಪ ರವೆಯ ಹಾಗಾಗಿ, ಅಲ್ಲಲ್ಲಿ ಕಡಲೆಕಾಳಿನ ಗಾತ್ರದ ಬೆಣ್ಣೆ ಕಾಣುತ್ತಿರುವಾಗಲೇ ನಿಲ್ಲಿಸಿ. ಬೇಸಿಗೆಯಲ್ಲಾದರೆ ಈ ಕೆಲಸ ಬೆಳಗ್ಗೆಯೇ ಮುಗಿಸುವುದು ಒಳ್ಳೆಯದು. ಬೆಣ್ಣೆ ಬೆರಳಿಗೆ ಮೆತ್ತತೊಡಗಿದರೆ ಪಾತ್ರೆ ಸಮೇತ ಹತ್ತು ನಿಮಿಷ ಫ್ರಿಜ್‌ಗೆ ಇಡಿ.

ಐಸ್ ನೀರನ್ನು ಚಮಚ ಚಮಚವಾಗಿ ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟಾದರೆ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ನಾದಿದರೆ ಹಿಟ್ಟಿಗೆ ಎಳೆತ ಬಂದು ಓವನ್ನಿನಲ್ಲಿ ಅಂಚು ಕುಗ್ಗುತ್ತದೆ, ಬೆಂದ ಮೇಲೆ ಗಡುಸಾಗುತ್ತದೆ. ತಟ್ಟಿ ಬಿಲ್ಲೆ ಮಾಡಿ, ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ.

ಆ ಒಂದು ಗಂಟೆಯಲ್ಲಿ ತರಕಾರಿ ಮುಗಿಸಿಕೊಳ್ಳಬಹುದು. ಪಾಲಕ್ ಒಂದು ದೊಡ್ಡ ಕಟ್ಟು, ಈರುಳ್ಳಿ ಎರಡು, ಅಣಬೆ 150 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು. ಒಂದೊಂದನ್ನೂ ಬೇರೆಬೇರೆಯಾಗಿಯೇ ಹುರಿಯಬೇಕು, ಯಾಕೆಂದರೆ ಪ್ರತಿಯೊಂದೂ ನೀರು ಬಿಡುವ ರೀತಿ ಬೇರೆ. ಉದ್ದುದ್ದ ಹೆಚ್ಚಿದ ಈರುಳ್ಳಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಾಡಿ ಕೆಂಪಗಾಗಲಿ, ಕೊನೆಗೆ ಬೆಳ್ಳುಳ್ಳಿ ಸೇರಿಸಿ. ಅಣಬೆಗೆ ಉರಿ ಜೋರಾಗಿರಲಿ, ಉಪ್ಪು ಮೊದಲೇ ಹಾಕಬೇಡಿ. ಬಾಣಲೆಯಲ್ಲಿ ನೀರು ತುಂಬಿಕೊಂಡಾಗ ಗಾಬರಿಯಾಗದೆ ಕಾಯಿರಿ. ನೀರೆಲ್ಲಾ ಇಂಗಿ, ಚರಚರ ಸದ್ದು ಮತ್ತೆ ಶುರುವಾದ ಮೇಲೆಯೇ ಅಣಬೆಗೆ ಬಣ್ಣ ಬರುವುದು.

ಪಾಲಕ್ ವಿಷಯದಲ್ಲಿ ಅವಸರ ಸಲ್ಲದು. ತೊಳೆದ ಸೊಪ್ಪನ್ನು ಕಾದ ಬಾಣಲೆಗೆ ಹಾಕಿದರೆ ಎರಡು ನಿಮಿಷದಲ್ಲಿ ಮುದುಡುತ್ತದೆ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಹಸಿರು ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಇಳಿಯುತ್ತದೆ. ಬಟ್ಟೆಯನ್ನು ಇನ್ನೊಂದು ಸುತ್ತು ತಿರುಚಿ, ಹನಿ ನಿಲ್ಲುವ ತನಕ ಹಿಂಡಿ. ಇಡೀ ಕಟ್ಟು ಕೊನೆಗೆ ಒಂದು ಹಿಡಿಯಷ್ಟಾಗುತ್ತದೆ. ಬಟ್ಟಲಿಗೆ ಇಳಿದ ಆ ನೀರನ್ನೊಮ್ಮೆ ನೋಡಿ, ಹಿಂಡದಿದ್ದರೆ ಅಷ್ಟೂ ಹಿಟ್ಟಿನೊಳಗೆ ಸೇರುತ್ತಿತ್ತು. ಹಿಂಡಿದ ಸೊಪ್ಪನ್ನು ಹೆಚ್ಚಿ ಬಿಡಿಸಿಡಿ, ಆ ನೀರನ್ನು ಸಾರಿಗೆ ಬಳಸಿ.

ಬೇರೆ ತರಕಾರಿಯೂ ನಡೆಯುತ್ತದೆ. ಸಿಹಿಕುಂಬಳದ ಹೋಳು, ಬೇಯಿಸಿದ ಹುರುಳಿಕಾಯಿ, ದಪ್ಪ ಮೆಣಸಿನಕಾಯಿ ಎಲ್ಲಾ ಹೊಂದುತ್ತವೆ. ಸೋರೆಕಾಯಿ, ಸೀಮೆಬದನೆ ನಾನು ಹಾಕುವುದಿಲ್ಲ, ಅವು ನೀರಿನ ಕಾಯಿಗಳು. ಟೊಮೆಟೊ ಬೇಕೆಂದರೆ ಬಿಲ್ಲೆ ಮಾಡಿ ಉಪ್ಪು ಸವರಿ ಹದಿನೈದು ನಿಮಿಷ ಬಿಟ್ಟು, ಒರೆಸಿ, ಮೇಲೆ ಮಾತ್ರ ಇಡಿ.

ಈಗ ಬಿಲ್ಲೆಯನ್ನು ಎರಡು ಬಟರ್ ಪೇಪರ್ ನಡುವೆ ಇಟ್ಟು 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಟಿನ್ನಿಗೆ ಇಳಿಸುವಾಗ ಎಳೆಯಬೇಡಿ, ಮೂಲೆಗೆ ಮೆಲ್ಲನೆ ಒತ್ತಿ. ಫೋರ್ಕಿನಿಂದ ತಳವನ್ನೆಲ್ಲಾ ಚುಚ್ಚಿ ಮತ್ತೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಓಟಿಜಿಯನ್ನು ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 190 ಡಿಗ್ರಿಗೆ ಕಾಯಿಸಿ, ಒಳಗಿನ ಟ್ರೇಯೂ ಜೊತೆಗೇ ಕಾಯಲಿ. ಕಾದ ಟ್ರೇ ಮೇಲೆ ಟಿನ್ ಇಟ್ಟರೆ ತಳಕ್ಕೆ ಮೊದಲಿಂದಲೇ ಬಿಸಿ ತಾಗುತ್ತದೆ. ಕನ್ವೆಕ್ಷನ್ ಫ್ಯಾನ್ ಇದ್ದರೆ 20 ಡಿಗ್ರಿ ಕಡಿಮೆ ಮಾಡಿ.

ಹಿಟ್ಟಿನ ಮೇಲೆ ಬಟರ್ ಪೇಪರ್ ಹಾಸಿ, ರಾಜ್ಮಾ ಅಥವಾ ಕಡಲೆಕಾಳು ತುಂಬಿ, ಕೆಳಗಿನ ಅಂತಸ್ತಿನಲ್ಲಿ 15 ನಿಮಿಷ ಬೇಯಿಸಿ. ಕಾಳಿನ ಭಾರಕ್ಕೆ ತಳ ಉಬ್ಬುವುದಿಲ್ಲ, ಅಂಚು ಜಾರುವುದಿಲ್ಲ. ಈ ಕಾಳನ್ನು ಒಂದು ಡಬ್ಬಿಯಲ್ಲಿ ಬೇರೆಯಾಗಿಡಿ, ಪ್ರತಿ ಸಲ ಇದನ್ನೇ ಬಳಸಬಹುದು, ಅಡುಗೆಗೆ ಮಾತ್ರ ಬೇಡ. ಕಾಳು, ಪೇಪರ್ ತೆಗೆದು ಇನ್ನೂ 10 ನಿಮಿಷ ಬೇಯಿಸಿ. ತಳ ಮುಟ್ಟಿದರೆ ಒಣಗಿರಬೇಕು. ಆಗ ಎರಡು ಚಮಚ ತುರಿದ ಚೀಸ್ ತೆಳ್ಳಗೆ ಉದುರಿಸಿ ಎರಡು ನಿಮಿಷ ಒಳಗಿಡಿ. ಕರಗಿದ ಚೀಸ್ ತಳಕ್ಕೆ ಪದರವಾಗಿ, ಹಾಲಿನ ಪಸೆ ಇಳಿಯದಂತೆ ತಡೆಯುತ್ತದೆ.

ಮೊಟ್ಟೆ ಮೂರು, ಫ್ರೆಶ್ ಕ್ರೀಮ್ 150 ಮಿಲಿ, ಹಾಲು 50 ಮಿಲಿ, ತುರಿದ ಚೀಸ್ 50 ಗ್ರಾಂ, ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ನೊರೆ ಬರುವಂತೆ ಕಡೆಯದೆ ಕಲಸಿದರೆ ಸಾಕು. ಗರಂ ಮಸಾಲೆ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ, ಬೆಣ್ಣೆಯ ಘಮ ಅದರಲ್ಲಿ ಮುಚ್ಚಿಹೋಗುತ್ತದೆ. ನಮ್ಮತ್ತೆ ಮೊಟ್ಟೆ ತಿನ್ನುವುದಿಲ್ಲ. ಅವರಿಗೆ ಮಾಡುವಾಗ ಪನೀರ್ 200 ಗ್ರಾಂ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ, ಹುಳಿಯಾಗದ ಮೊಸರು 100 ಗ್ರಾಂ, ಕ್ರೀಮ್ 100 ಮಿಲಿ, ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬುತ್ತೇನೆ. ಉಪ್ಪು, ಮೆಣಸು ಅದೇ. ಇದು ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ, ಕತ್ತರಿಸಲು ಇನ್ನೂ ಸುಲಭ.

ತರಕಾರಿ ಹರಡಿ, ಮಿಶ್ರಣ ಸುರಿದು 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿ. ಅರ್ಧ ದಾರಿಯಲ್ಲಿ ಟಿನ್ ತಿರುಗಿಸಿ, ಓಟಿಜಿಯಲ್ಲಿ ಬಿಸಿ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಅಂಚು ಗಟ್ಟಿಯಾಗಿ, ನಡುಭಾಗ ಟಿನ್ ಅಲುಗಿಸಿದಾಗ ತುಸು ನಡುಗುವಾಗಲೇ ಹೊರಗೆ ತೆಗೆಯಿರಿ. ಒಳಗಿನ ಬಿಸಿಗೆ ಉಳಿದದ್ದು ತಾನೇ ಗಟ್ಟಿಯಾಗುತ್ತದೆ. ನಡುವೆಯೂ ಉಬ್ಬುವ ತನಕ ಬಿಟ್ಟರೆ ಮೊಟ್ಟೆ ಬಿಗಿದುಕೊಂಡು ನೀರು ಬಿಡುತ್ತದೆ, ಆ ನೀರು ಇಳಿಯುವುದು ತಳಕ್ಕೇ.

ಇಪ್ಪತ್ತು ನಿಮಿಷ ಆರಲಿ. ಟಿನ್ನನ್ನು ಒಂದು ಚಿಕ್ಕ ಡಬ್ಬಿಯ ಮೇಲೆ ಕೂರಿಸಿದರೆ ಹೊರಗಿನ ಬಳೆ ತಾನೇ ಕೆಳಗಿಳಿಯುತ್ತದೆ. ಉಳಿದದ್ದು ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಮೈಕ್ರೊವೇವ್‌ನಲ್ಲಿ ಬಿಸಿ ಮಾಡಬೇಡಿ, ತಳ ಮೆತ್ತಗಾಗುತ್ತದೆ. ಓವನ್ನಿನಲ್ಲಿ 160 ಡಿಗ್ರಿಗೆ ಹತ್ತು ನಿಮಿಷ, ಇಲ್ಲದಿದ್ದರೆ ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಅರ್ಧ ಮುಚ್ಚಿ ಐದಾರು ನಿಮಿಷ ಇಡಿ.